ಚೀನಿ ಮಾತು ಕಲಿಯೋ ಪೋರಿಗಿ ನಗಬ್ಯಾಡ್ರಿ

ಅಕ್ಕಗೋಳೇ, ಅತ್ತಿಗೋಳೇ, ಓಣಿ ಮಂದಿ ಎಲ್ಲಾರೇ, ಈ ಸಲ ಉಪ್ಪಿನಕಾಯಿ ಇಲ್ಲ, ಸೇಂಗಾ ಹೋಳಿಗಿ ಇಲ್ಲ. ಸಿಟ್ಟು ಬಂದದ, ಸಿಟ್ಟಿಲೇ ಬರದೀನಿ. ಓದಿದ ಮ್ಯಾಲ ನಿಮಗ ನನ್ನ ಮ್ಯಾಲ ಸಿಟ್ಟು ಬಂದ್ರ ಬರ್ಲಿ, ಆದ್ರ ಪೂರಾ ಓದ್ರಿ.

ನಮ್ಮ ತಂಗಿ ಮಗಳು ಸೇಡಂದಾಗ ಬಿ.ಕಾಂ. ಎರಡನೇ ವರ್ಷ ಓದ್ತಾಳ. ಮೂರು ತಿಂಗಳಿಂದ ದಿನಾ ರಾತ್ರಿ ಭಾಂಡಿ ತೊಳದಾದ ಮ್ಯಾಲ ಅರ್ಧ ತಾಸು ಫೋನ್ ಇಟ್ಕೊಂಡು ಚೀನಿ ಮಾತು ಕಲೀಲಕತ್ತಿದ್ಳು. ಯಾರ ಹತ್ರಾನೂ ರೊಕ್ಕ ಕೇಳಿಲ್ಲ, ಯಾವ ಕೆಲಸಾನೂ ಬಿಟ್ಟಿಲ್ಲ. ಚಿತ್ತಾಪುರದಾಗ ಒಂದು ಕುಬುಸಕ್ಕ ಹೋದಾಗ ನಮ್ಮೋರೇ ಯಾರೋ "ಏನರ ಮಾತಾಡಿ ತೋರ್ಸವ್ವಾ" ಅಂದ್ರು. ಆಕಿ ಪಾಪ, ಎದುರಿಗಿ ಕುಂತ ಹಿರೇರಿಗಿ ಕೈ ಮುಗದು "ನೀ ಹಾವ್" ಅಂದ್ಳು. ಅಷ್ಟೇ ಸಾಕಾಯ್ತು. "ಅಯ್ಯ, ಅತ್ತಿಗಿ ಹಾವು ಅನ್ನಲಕತ್ತಾಳ ನೋಡ್ರಿ!" ಅಂತ ಒಬ್ರು. ಕಣ್ಣು ಸಣ್ಣ ಮಾಡಿ "ಚಿಂಗ್ ಚಾಂಗ್" ಅಂತ ಇನ್ನೊಬ್ರು. "ಇಂಥಾ ಭಾಷಾ ಕಲ್ತ್ರ ನಾಳಿ ಬೀಗರು ಏನಂದಾರು" ಅಂತ ಮತ್ತೊಬ್ರು. ಆವತ್ತಿಂದ ಆಕಿ ಕಲಿಯೋದು ಬಂದ್ ಮಾಡ್ಯಾಳ. ಕೇಳಿದ್ರ "ಬ್ಯಾಡ ಬಿಡು ದೊಡ್ಡವ್ವಾ" ಅಂತಾಳ.

ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಾಕಿ ತಾನಾಗೇ ಹಿಡದ ಒಂದು ವಿದ್ಯಾ ನಮ್ಮ ನಗಿಯಿಂದ ನಿಂತಿತು. ಇದು ಸಣ್ಣ ಮಾತಲ್ಲ. ಅದಕ್ಕ, ಆ ದಿನ ನೀವು ಅಂದ ಒಂದೊಂದು ಮಾತಿಗೂ ಉತ್ತರ ಕೊಡ್ತೀನಿ.

ಮೊದಲನೇದು: "ಅದು ನಮ್ಮ ನಾಲಿಗಿಗಿ ಹೊಂದೂದಿಲ್ಲ" ಅಂದ್ರಿ.

ಇದು ಖರೇ ಅಲ್ಲ. ನಮ್ಮ ನಾಲಿಗಿಗಿ ಹೊಂದಿದಷ್ಟು ಇಂಗ್ಲಿಷ್ ನಾಲಿಗಿಗಿ ಚೀನಿ ಹೊಂದೂದಿಲ್ಲ. ಹ್ಯಾಂಗ ಅಂತ ಹೇಳ್ತೀನಿ ಕೇಳ್ರಿ.

ಚೀನಿ ಮಾತಿನ ಮೊದಲ ಪಾಠ ಏನಂದ್ರ, ಅಲ್ಲಿ ಪ ಮತ್ತ ಫ ಬ್ಯಾರೆ, ತ ಮತ್ತ ಥ ಬ್ಯಾರೆ, ಕ ಮತ್ತ ಖ ಬ್ಯಾರೆ. ಉಸಿರು ಕೊಟ್ಟು ಅಂದ್ರ ಒಂದು ಅರ್ಥ, ಉಸಿರು ಕೊಡದೇ ಅಂದ್ರ ಇನ್ನೊಂದು ಅರ್ಥ. ಇಂಗ್ಲಿಷ್ ಬರೋ ಮಂದಿಗಿ ಇದು ತಿಳೀಲಾಕ ತಿಂಗಳುಗಟ್ಲೆ ಬೇಕು, ಯಾಕಂದ್ರ ಅವರ ಬಾಯಾಗ ಇವು ಎರಡು ಬ್ಯಾರೆ ಅಕ್ಷರಾನೇ ಅಲ್ಲ. ನಮಗ? ಮೊದಲನೇ ಇಯತ್ತೆದಾಗ ಕ ಖ ಗ ಘ ಅಂತ ಪಾಟಿ ಮ್ಯಾಲ ತಿದ್ದಿದೋರು ನಾವು. "ತಂದಿ" ಅಂದ್ರ ಅಪ್ಪ, "ಥಂಡಿ" ಅಂದ್ರ ಚಳಿ ಅಂತ ನಮ್ಮ ಮನಿ ಕೂಸಿಗೂ ಗೊತ್ತದ. ಅದರ ಮ್ಯಾಲ ನಮ್ಮ ಕಲಬುರಗಿ ಕಡಿ ಮಾತೇ ಖಡಕ್. ಖರೇ, ಭಾಳ, ಛಲೋ, ಖಾರ, ಥೋಡೆ, ಫಳಾರ. ಬೆಂಗಳೂರ ಮಂದಿ "ಬಾಳ" ಅಂತ ಮೆತ್ತಗ ಅಂದು, ನಮ್ಮ "ಭಾಳ"ಕ್ಕ ನಗ್ತಾರ. ಅವರು ನಗೋ ಆ ಉಸಿರೇ ಇಲ್ಲಿ ಬೇಕಾಗಿದ್ದು.

ಎರಡನೇ ಪಾಠ: ಶ ಬ್ಯಾರೆ, ಷ ಬ್ಯಾರೆ. ಸಾಲಿಯಾಗ ಮಾಸ್ತರು "ಷ ಅನ್ನಲಾಕ ನಾಲಿಗಿ ಮ್ಯಾಲ ಮಡಚ್ರಿ" ಅಂತ ಬಡಕೊಂಡ್ರೂ ನಾವು ಎರಡೂ ಒಂದೇ ಮಾಡಿದ್ವಿ. ಚೀನಿಯಾಗ ಆ ಎರಡೂ ಜೀವಂತ ಅವ. ನಕ್ಕಂಗ ತುಟಿ ಅಗಲ ಮಾಡಿ, ನಾಲಿಗಿ ತುದಿ ಕೆಳಗಿಟ್ಟು ಅಂದ್ರ ಶ. ನಾಲಿಗಿ ಹಿಂದಕ್ಕ ಎತ್ತಿ ಅಂದ್ರ ಷ. ಹಂಗೇ ಚ, ಛಕ್ಕೂ ಎರಡೆರಡು ಜಾಗಾ ಅವ.

ಮೂರನೇದು: "ತ್ಸ" ಅನ್ನೋ ಸಪ್ಪಳ. ಇದು ಕನ್ನಡ ಓಲಿಯಾಗ ಇಲ್ಲ, ಆದ್ರ ನಮ್ಮ ಊರಾಗ ಅದ. ಸೇಡಂ, ಚಿಂಚೋಳಿ ಕಡಿ ತೆಲುಗು ಮಂದಿ "ಸಾಕು" ಅನ್ನಲಾಕ "ತ್ಸಾಲು" ಅಂತಾರಲ್ಲ, ಅದೇ ಸಪ್ಪಳ. ಮರಾಠಿ ಮಂದಿ "ಛಲೋ" ಅನ್ನಲಾಕ "ತ್ಸಾಂಗ್ಲಾ" ಅಂತಾರಲ್ಲ, ಅದೇ. ಚೀನಿ "ಹ" ಸ್ವಲ್ಪ ಗಂಟಲದಾಗ ತಿಕ್ಕಿ ಬರ್ತದ. ನಮ್ಮ ಓಣಿ ಮುಸಲ್ಮಾನ ಅಕ್ಕೋರು "ಖಬರ್" ಅಂತ ಉರ್ದುದಾಗ ಅನ್ನೋ ಮೊದಲ ಸಪ್ಪಳ ಇನ್ನಷ್ಟು ಮೆತ್ತಗ ಮಾಡಿದ್ರ ಬಂತು. ವಾಡಿ ಸ್ಟೇಷನ್ ಪ್ಲಾಟ್‌ಫಾರ್ಮಿನ ಮ್ಯಾಲ ಒಂದು ತಾಸು ಕುಂತ್ರ ಕನ್ನಡ, ತೆಲುಗು, ಮರಾಠಿ, ದಖನಿ, ಲಂಬಾಣಿ ಎಲ್ಲಾ ಕಿವಿಗಿ ಬೀಳ್ತಾವ. ಇಂಥಾ ಕಿವಿ ಇಟ್ಕೊಂಡು "ನಮಗ ಆಗೂದಿಲ್ಲ" ಅನ್ನೋದು ಕಣಜದಾಗ ಜ್ವಾಳ ತುಂಬಿಟ್ಕೊಂಡು ಉಪವಾಸ ಕುಂತಂಗ.

ಎರಡನೇದು: "ಮೊದಲ ಇಂಗ್ಲಿಷ್ ಬರ್ಲಿ, ಆಮ್ಯಾಲ ಚೀನಿ" ಅಂದ್ರಿ.

ಇದು ನಿಮ್ಮ ಒಬ್ಬರ ಮಾತಲ್ಲ. ಆ ಹುಡುಗಿ ಹೋಗಿ ಕೇಳಿದ ಒಂದು ಕ್ಲಾಸಿನೋರೂ ಇದನ್ನೇ ಅಂದ್ರಂತ: ಒಂದು ವರ್ಷ ಇಂಗ್ಲಿಷ್ ಮಾತಾಡೋ ಕೋರ್ಸಿಗಿ ಫೀ ಕಟ್ಟು, ಆಮ್ಯಾಲ ನೋಡೋಣ. ನಾ ಕೇಳ್ತೀನಿ, ಮಗ್ಗಲ ಮನಿಗಿ ಹೋಗಲಾಕ ಲಂಡನ್ ಸುತ್ತಿ ಯಾಕ ಹೋಗಬೇಕು?

ಇಂಗ್ಲಿಷ್ ಕಣ್ಣಿಲೇ ಚೀನಿ ಓದಿದ್ರ ಏನಾಗ್ತದ ಅನ್ನಲಾಕ ಉದಾಹರಣಿ ಸಾಕಷ್ಟು ಅವ. ಚೀನಾ ಸರಕಾರ 1958ರಾಗ ತನ್ನ ಮಾತನ್ನ ಎ ಬಿ ಸಿ ಡಿ ಅಕ್ಷರದಾಗ ಬರಿಯೋ ಒಂದು ಪದ್ಧತಿ ಮಂಜೂರು ಮಾಡ್ತು. ಅದಕ್ಕ ಪಿನ್‌ಯಿನ್ ಅಂತಾರ. ಅದು ಚೀನಿ ಮಕ್ಕಳಿಗಂತ ಮಾಡಿದ್ದು, ಇಂಗ್ಲಿಷರಿಗಂತ ಅಲ್ಲ. ಅಲ್ಲಿ ಎಕ್ಸ್ ಅಂದ್ರ ಶ, ಕ್ಯೂ ಅಂದ್ರ ಛ. ಬಿ ಅಂತ ಬರದ್ರ ಪ ಅನ್ನಬೇಕು, ಪಿ ಅಂತ ಬರದ್ರ ಫ ಅನ್ನಬೇಕು. ಅದೂ ಫೋನಿನ ಫ ಅಲ್ಲ, ಫಲದ ಫ. ಡಿ ಅಂದ್ರ ತ, ಟಿ ಅಂದ್ರ ಥ. ಜಿ ಅಂದ್ರ ಕ, ಕೆ ಅಂದ್ರ ಖ. ಇದು ತಿಳೀದೇ ಇಂಗ್ಲಿಷಿನಂಗ ಓದಿದ್ರ "ಶ್ಯೆ ಶ್ಯ" ಅನ್ನೋದು "ಕ್ಸೀ ಕ್ಸೀ" ಆಗ್ತದ. 2014ರಾಗ ಚೀನಾ ಅಧ್ಯಕ್ಷ ಶೀ ಚಿನ್‌ಫಿಂಗ್ ನಮ್ಮ ದೇಶಕ್ಕ ಬಂದಾಗ ದೂರದರ್ಶನದಾಗ ಸುದ್ದಿ ಓದೋರು ಒಬ್ರು, ಅವರ ಹೆಸರಿನ ಎಕ್ಸ್ ಐ ಅಕ್ಷರ ರೋಮನ್ ಅಂಕಿ ಅಂತ ತಿಳದು "ಇಲೆವೆನ್ ಜಿನ್‌ಪಿಂಗ್" ಅಂತ ಓದಿಬಿಟ್ರು. ಅವರ ನೌಕರಿನೇ ಹೋಯ್ತು. ಇಂಗ್ಲಿಷ್ ಬರದಿದ್ದಕ್ಕ ಆದ ತಪ್ಪಲ್ಲ ಅದು.

ನಾವು ಸಾಲಿಯಾಗ "ಹ್ಯೂಯೆನ್ ತ್ಸಾಂಗ್" ಅಂತ ಬಾಯಿಪಾಠ ಮಾಡಿದ್ವಲ್ಲ, 7ನೇ ಶತಮಾನದಾಗ ಚಾಲುಕ್ಯರ ಇಮ್ಮಡಿ ಪುಲಕೇಶಿ ರಾಜ್ಯಕ್ಕ ಬಂದು ಆತನ ಶೌರ್ಯ ಹೊಗಳಿ ಬರದ ಯಾತ್ರಿಕ? ಆ ಪುಣ್ಯಾತ್ಮನ ಹೆಸರು ಶ್ವೆನ್-ತ್ಸಾಂಗ್. ಶ ನಮ್ಮ ಹತ್ರ ಅದ, ಇಂಗ್ಲಿಷರು ಅದನ್ನ ತಮ್ಮ ಅಕ್ಷರದಾಗ ಹ್ಯಾಂಗರ ಬರಕೊಂಡ್ರು, ನಾವು ಅವರ ಅಕ್ಷರ ನೋಡಿ ಕನ್ನಡದಾಗ ಬರಕೊಂಡ್ವಿ. ಫಾಹಿಯಾನ್ ಅಂತ ಓದಿದ್ವಲ್ಲ, ಅವ ಫಾ-ಶ್ಯೆನ್ (ಇಲ್ಲಿ ಮಾತ್ರ ಫೋನಿನ ಫ).

ನಿಮ್ಮ ಕೈಯಾಗಿನ ಫೋನೇ ನೋಡ್ರಿ. ಅರ್ಧ ಮಂದಿ ಹತ್ರ ಶ್ಯಾವ್-ಮಿ ಕಂಪನಿದು ಅದ. ಕೆಲವ್ರು ಕ್ಸಿಯೋಮಿ ಅಂತಾರ, ಕೆಲವ್ರು ಜಿಯೋಮಿ ಅಂತಾರ. ಶ್ಯಾವ್ ಅಂದ್ರ ಸಣ್ಣ, ಮಿ ಅಂದ್ರ ಅಕ್ಕಿ. ಸಣ್ಣ ಅಕ್ಕಿ ಅಂದ್ರ ಚೀನಿಯಾಗ ಏನು ಗೊತ್ತದ? ನವಣಿ! ನಮ್ಮ ಅಜ್ಜಿಗೋಳು ಅನ್ನ ಮಾಡ್ತಿದ್ದ ಅದೇ ನವಣಿ. ದಿನಾ ಮುಂಜಾನಿ ಎದ್ದು ನವಣಿ ಹೆಸರಿನ ಡಬ್ಬಿ ಕೈಯಾಗ ಹಿಡಕೊಂಡು, ಆ ಭಾಷಾ ಕಲಿಯೋ ಹುಡುಗಿಗಿ ನಗ್ತೀರಿ.

ಇಂಗ್ಲಿಷ್ ಬ್ಯಾಡ ಅಂತ ನಾ ಅನ್ನೂದಿಲ್ಲ. ಬ್ಯಾಂಕಿಗಿ, ನೌಕರಿಗಿ ಬೇಕು, ಕಲೀಲಿ. ಆದ್ರ ಅದು ಇನ್ನೊಂದು ಭಾಷಾದ ಬಾಗಲಿಗಿ ಹಚ್ಚಿದ ಕೀಲಿ ಆಗಬಾರದು. ಕನ್ನಡ ಅಕ್ಷರದಾಗ ಬರಕೊಂಡು, ಚೀನಿ ಮಂದಿ ದನಿ ಕೇಳಿ ತಿದ್ದಿಕೊಂಡ್ರ, ಇಂಗ್ಲಿಷ್ ಬರದ ಹೆಣ್ಮಗಳು ಬಿ ಹತ್ತು ದಿನದಾಗ ಹತ್ತು ಮಾತು ಬರೋಬ್ಬರಿ ಆಡ್ತಾಳ.

ಕನ್ನಡ ಅಕ್ಷರಕ್ಕೂ ಒಂದು ಕೊರತಿ ಅದ, ಅದನ್ನ ಮುಚ್ಚಿಡೂದಿಲ್ಲ. ಚೀನಿಯಾಗ ರಾಗ ಬದಲಾದ್ರ ಅರ್ಥ ಬದಲಾಗ್ತದ. ನಾಲ್ಕು ರಾಗ, ಮತ್ತ ಹಗುರಕ ಬಿಡೋದು ಒಂದು. ನಮ್ಮ ಅಕ್ಷರದಾಗ ರಾಗ ಬರಿಯೋ ರೂಢಿ ಇಲ್ಲ. ಆದ್ರ ನಮ್ಮ ಮನ್ಯಾಗ ರಾಗ ಇಲ್ಲೇನು? ಬರೇ "ಹೂಂ" ಅನ್ನೋದು ಒಂದೇ ತೊಗೋರಿ. ಹಿತ್ತಲದಾಗಿಂದ ಯಾರೋ ಕರದ್ರ ಎತ್ತರದ ದನಿಯಾಗ ಒಂದೇ ಸಮ ಎಳೀತೀವಿ: "ಹೂಂ——". ಇದು ಮೊದಲನೇ ರಾಗ. ಓಣಿಯಾಗ ಯಾರೋ ಓಡಿಹೋದ ಸುದ್ದಿ ಕೇಳಿದ್ರ ದನಿ ಮ್ಯಾಲ ಏರ್ತದ: "ಹೂಂ?" ಇದು ಎರಡನೇದು. ಸೊಸಿ ತವರಿಗಿ ಹೋಗ್ತೀನಿ ಅಂದಾಗ ಅತ್ತಿ ಮನಸ್ಸಿಲ್ಲದ ಮನಸ್ಸಿಲೇ ಕೆಳಗ ಇಳಿಸಿ ಅಂತಾಳಲ್ಲ "ಹೂಂಂ…", ಅದು ಮೂರನೇದು. ಪೋರ ಮೂರನೇ ಸಲ ರೊಕ್ಕ ಕೇಳಿದ್ರ ಮ್ಯಾಲಿಂದ ಕೆಳಗ ಕಡದಂಗ "ಹೂಂ!", ಅದು ನಾಲ್ಕನೇದು. ನಾಲ್ಕೂ ನಮ್ಮ ಅಡಗಿ ಮನ್ಯಾಗ ದಿನಾ ಆಡ್ತೀವಿ. ಫರಕು ಇಷ್ಟೇ: ನಮ್ಮಲ್ಲಿ ರಾಗ ಮನಸ್ಸು ಹೇಳ್ತದ, ಅಲ್ಲಿ ಶಬ್ದಾನೇ ಬ್ಯಾರೆ ಮಾಡ್ತದ. "ಮಾ" ಮೊದಲನೇ ರಾಗದಾಗ ಅವ್ವ, ಎರಡನೇದರಾಗ ಸೆಣಬು, ಮೂರನೇದರಾಗ ಕುದುರಿ, ನಾಲ್ಕನೇದರಾಗ ಬಯ್ಯೋದು. ಅವ್ವನ್ನ ಕುದುರಿ ಮಾಡಬಾರದಂದ್ರ ದನಿ ಎತ್ತರ ಇಟ್ಟು ಸಮ ಎಳೀಬೇಕು. "ಮಾಯ್" ಇಳಿದನಿಯಾಗ ಅಂದ್ರ ಕೊಳ್ಳೋದು, ಕಡದಂಗ ಅಂದ್ರ ಮಾರೋದು. ಸಂತಿಯಾಗ ಇದು ಗೊತ್ತಿಲ್ಲದಿದ್ರ ವ್ಯಾಪಾರ ತಿರುಗಾ ಮುರುಗಾ.

ಮೂರನೇದು: "ಹಾವು" ಅಂತ ನಕ್ಕ್ರಲ್ಲ, ಆ ಮಾತಿನ ಅರ್ಥ ಕೇಳ್ರಿ.

ನೀ ಅಂದ್ರ ನೀನೇ. ಹೌದು, ನಮ್ಮ "ನೀ" ಮತ್ತ ಅವರ "ನೀ" ಅರ್ಥ ಒಂದೇ. ಸಂಬಂಧ ಏನಿಲ್ಲ, ಯೋಗಾಯೋಗ, ಆದ್ರ ಕಲಿಯೋರಿಗಿ ಇದಕ್ಕಿಂತ ಛಲೋ ಶಕುನ ಯಾವುದದ? ಹಾವ್ ಅಂದ್ರ ಛಲೋ. ಎರಡೂ ಮೂರನೇ ರಾಗದವು; ಎರಡು ಮೂರನೇ ರಾಗ ಒಟ್ಟಿಗಿ ಬಂದ್ರ ಮೊದಲನೇದು ಏರ್ತದ. ಅದಕ್ಕ "ನೀ" ಕೇಳಿದಂಗ ಏರಿಸಿ, "ಹಾವ್" ಇಳಿಸಿ ಅನ್ನಬೇಕು. ಹಿರೇರಿಗಿ "ನೀ" ಅನ್ನೋದು ಬ್ಯಾಡ ಅಂದ್ರ ಅದಕ್ಕೂ ಮಾತದ: "ನಿನ್ ಹಾವ್". ನಮ್ಮ ನೀವು ಇದ್ದಂಗ. ಇಂಗ್ಲಿಷಿನಾಗ ಅಪ್ಪಗೂ ಯೂ, ನಾಯಿಗೂ ಯೂ.

ಆದ್ರ ಹಳೀ ಮಂದಿ ಚೀನಾದಾಗ ಒಬ್ರಿಗೊಬ್ರು ಹ್ಯಾಂಗ ಮಾತಾಡಿಸ್ತಿದ್ರು ಗೊತ್ತದೇನು? "ಛ್ರ್ ಲ ಮ?" ಅಂದ್ರ "ಊಟಾತೇನು?" ಅಂತ! ಹಾದ್ಯಾಗ ಯಾರೇ ಸಿಗ್ಲಿ, "ಊಟಾತೇನ್ರಿ" ಅನ್ನದೇ ಮುಂದ ಹೋಗದ ನಮ್ಮ ಕಡಿ ಹೆಣ್ಮಕ್ಕಳಿಗಿ ಇದನ್ನ ಕಲಿಸೋದೇ ಬ್ಯಾಡ. ಕೊನಿಗಿರೋ "ಮ" ನೋಡ್ರಿ, ನಮ್ಮ "ಏನು" ಇದ್ದಂಗ ಮಾತಿನ ಬಾಲಕ್ಕ ಹಚ್ಚಿದ್ರ ಪ್ರಶ್ನೆ ಆಗ್ತದ. ಮನಿಗಿ ಬಂದೋರು ಹೊಂಟಾಗ ಅವರು ಅನ್ನೋದು "ಮಾನ್ ತ್ಸೋವ್", ಅಂದ್ರ ನಿಧಾನಕ್ಕ ನಡೀರಿ. "ಸಾವಕಾಶ ಹೋಗ್ರಿ" ಅಂತ ನಾವು ಬಾಗಲದಾಗ ನಿಂತು ಅನ್ನೋದು ಮತ್ತೇನು? ಉಪಕಾರ ನೆನಸಲಾಕ "ಶ್ಯೆ ಶ್ಯ", ಮೊದಲನೇದು ಕಡದಂಗ, ಎರಡನೇದು ಹಗುರ. ಅದಕ್ಕ ಉತ್ತರ "ಪೂ ಖ-ಛಿ". ಅದರೊಳಗಿನ "ಖ" ಅಂದ್ರ ಅತಿಥಿ. "ಪರರ ಮನಿಗಿ ಬಂದಂಗ ಮಾಡಬ್ಯಾಡ್ರಿ" ಅಂತ ಅದರ ಭಾವ. ತಪ್ಪಾದ್ರ "ತ್ವೇಯ್ ಪು ಛೀ", ಪರವಾಗಿಲ್ಲ ಅನ್ನಲಾಕ "ಮೇಯ್ ಕ್ವಾನ್ ಶಿ". ಹೋಗಿ ಬರ್ತೀನಿ ಅನ್ನಲಾಕ "ತ್ಸಾಯ್ ಚ್ಯೆನ್": ತ್ಸಾಯ್ ಅಂದ್ರ ಮತ್ತ, ಚ್ಯೆನ್ ಅಂದ್ರ ಭೇಟಿ. ನಾವು ಯಾರಿಗರ "ಹೋಗ್ತೀನಿ" ಅಂತ ಅಂತೀವೇನು? "ಬರ್ತೀನಿ" ಅಂತೇ ಅಂತೀವಿ.

ಚಾ ಅಂತೂ ಕೇಳಲೇಬ್ಯಾಡ್ರಿ. ಚಾ ಅನ್ನೋ ಶಬ್ದಾನೇ ಆ ನಾಡಿಂದು. ನೆಲದ ಹಾದಿ ಹಿಡದು ಪರ್ಶಿಯಾ ದಾಟಿ ಬಂದಲ್ಲಿ ಅದು ಚಾಯ್ ಆಯ್ತು. ಅಲ್ಲಿನ ಕಡಲ ದಂಡಿ ಮಂದಿ "ತೆ" ಅಂತಿದ್ದದ್ದು ಡಚ್ಚರ ಹಡಗಿನಾಗ ಹೋಗಿ ಇಂಗ್ಲಿಷರ ಟೀ ಆಯ್ತು. ಚೀನಿಯಾಗ ಉಸಿರು ಕೊಟ್ಟು, ದನಿ ಏರಿಸಿ "ಛಾ?" ಅನ್ನಬೇಕು. ಹಲ್ಲು ತಿಕ್ಕಕ್ಕಿಂತ ಮೊದಲ ಚಾ ಬೇಡೋ ಮಂದಿ ನಾವು, ದಿನದ ಮೊದಲನೇ ಮಾತೇ ಅಲ್ಲಿಂದ ಬಂದದ್ದು.

ಇನ್ನು ಬಳಗ. ಇಂಗ್ಲಿಷಿನಾಗ ಕಾಕಾ ಅಂಕಲ್, ಮಾಮಾ ಅಂಕಲ್, ದೊಡ್ಡಪ್ಪ ಅಂಕಲ್, ಹಾಲು ಹಾಕೋನೂ ಅಂಕಲ್. ಚೀನಿಯಾಗ ಅಪ್ಪನ ಅಣ್ಣ "ಪ್ವೋ-ಪ್ವೊ", ಅಪ್ಪನ ತಮ್ಮ "ಷೂ-ಷು", ಅವ್ವನ ಅಣ್ಣತಮ್ಮ "ಚ್ಯೋ-ಚ್ಯೊ", ಅಪ್ಪನ ಅಕ್ಕತಂಗಿ "ಕೂ-ಕು". ಅಣ್ಣ "ಕ-ಕ", ತಮ್ಮ "ತೀ-ತಿ", ಅಕ್ಕ "ಚ್ಯೇ-ಚ್ಯೆ", ತಂಗಿ "ಮೇಯ್-ಮೆಯ್". ಹಿರೇರು ಕಿರೇರು, ಅಪ್ಪನ ಕಡಿ ಅವ್ವನ ಕಡಿ ಎಲ್ಲಾ ಬ್ಯಾರೆ ಬ್ಯಾರೆ, ನಮ್ಮಂಗೇ. ಮದುವಿ ಪತ್ರಿಕಾದಾಗ ಯಾರ ಹೆಸರು ಎಲ್ಲಿ ಬರಬೇಕಂತ ಜಗಳಾಡೋ ನಮಗ ಈ ಭಾಷಾ ಪರಕೀಯ ಹ್ಯಾಂಗಾಗ್ತದ?

ನಾಲ್ಕನೇದು: "ಅದು ವೈರಿ ದೇಶ, ಅವರ ಮಾತು ನಮಗ ಎದಕ್ಕ" ಅಂದ್ರಿ.

ಈ ಮಾತಿಗಿ ನಾ ನಗೂದಿಲ್ಲ. 2020ರ ಜೂನ್ 15ಕ್ಕ ಗಲ್ವಾನದಾಗ ನಮ್ಮ 20 ಸೈನಿಕರು ಹೋದ್ರು. ಅವರ ಅವ್ವಗೋಳು ನಮ್ಮಂಥೋರೇ. ಆದ್ರ ವೈರಿ ಅಂದ ಮ್ಯಾಲ ಅವರ ಮಾತು ತಿಳೀಬೇಕೋ ಬ್ಯಾಡೋ? ನಮ್ಮ ಸೈನ್ಯದಾಗೇ ಚೀನಿ ಕಲಿಸ್ತಾರ, ಗಡಿ ಮ್ಯಾಲ ಎದುರಾ ಎದುರು ಕುಂತು ಮಾತಾಡೋರು ಬೇಕಂತ. ಸಾಲಿ ವಿಷಯದಾಗ ಮಾತ್ರ ಉಲ್ಟಾ ಆಯ್ತು. 2019ರ ಹೊಸ ಶಿಕ್ಷಣ ನೀತಿ ಕರಡಿನಾಗ ಸಾಲಿ ಮಕ್ಕಳು ಕಲಿಯಬಹುದಾದ ಪರದೇಶಿ ಭಾಷಾಗಳ ಉದಾಹರಣಿಯಾಗ ಚೀನಿ ಇತ್ತು. 2020ರ ಜುಲೈದಾಗ ನೀತಿ ಹೊರಗ ಬಂದಾಗ ಕೊರಿಯನ್, ಜಪಾನಿ, ಥಾಯ್ ಇದ್ವು, ಚೀನಿ ಮಾಯ ಆಗಿತ್ತು. ಹೆಸರು ಅಳಿಸಿದ್ರ ಗಡಿ ದೂರ ಸರೀತೇನು? ಆ ವರ್ಷ ಆ್ಯಪ್ ಬಂದ್ ಆದ್ವು, ಫೋನ್ ಬಂದ್ ಆಗಲಿಲ್ಲ. ಸಾಮಾನು ಒಳಗ ಬರ್ಲಿ, ಮಾತು ಬ್ಯಾಡ ಅಂದ್ರ ನಷ್ಟ ಯಾರಿಗಿ?

ಮತ್ತ ನಮ್ಮ ವಾಡಿ, ಶಹಾಬಾದದಿಂದ ರೈಲು ಹತ್ತಿದ್ರ ಕಲಬುರಗಿ ದಾಟಿ ಸೋಲಾಪುರ. ಚಾದರ ತರ್ಲಾಕ, ದವಾಖಾನಿಗಿ, ಬೀಗರ ಮನಿಗಿ ಹೋಗೂದು ನಮಗ ರೂಢಿ. ಆ ಸೋಲಾಪುರದಾಗ 1910ರಾಗ ಹುಟ್ಟಿದೋರು ಡಾ. ದ್ವಾರಕಾನಾಥ ಕೋಟ್ನಿಸ್. ಜಪಾನ್ ಚೀನಾ ಮ್ಯಾಲ ದಂಡೆತ್ತಿ ಹೋದಾಗ, 1938ರಾಗ ಕಾಂಗ್ರೆಸ್ ಕಳಿಸಿದ ಐದು ಡಾಕ್ಟರರಾಗ ಅವರೊಬ್ರು. ಅಲ್ಲಿ ಹೋದಾಗ ಅವರಿಗಿ ಚೀನಿ ಬರ್ತಿದ್ದಿಲ್ಲ. ಕಲ್ತ್ರು. ಗಾಯಾಳುಗಳ ಹತ್ರ ಅವರ ಮಾತಿನಾಗೇ ಮಾತಾಡಿದ್ರು, ಅದೇ ಮಾತಿನಾಗ ವೈದ್ಯ ವಿದ್ಯಾರ್ಥಿಗಳಿಗಿ ಪಾಠ ಮಾಡಿದ್ರು. ಅಲ್ಲಿನ ಮಂದಿ ಅವರನ್ನ "ಖ ತೀ-ಹ್ವಾ" ಅಂತ ಕರದ್ರು. 1941ರಾಗ ಕ್ವೋ ಛಿಂಗ್-ಲಾನ್ ಅನ್ನೋ ನರ್ಸಿಂಗ್ ಶಿಕ್ಷಕಿನ್ನ ಲಗ್ನ ಆದ್ರು. ಹುಟ್ಟಿದ ಮಗನ ಹೆಸರು ಯಿನ್-ಹ್ವಾ: ಯಿನ್ ಅಂದ್ರ ಭಾರತ, ಹ್ವಾ ಅಂದ್ರ ಚೀನಾ. ಮಗ ಇನ್ನೂ ತೊಟ್ಟಿಲದಾಗಿದ್ದಾಗ, 1942ರ ಡಿಸೆಂಬರ್ 9ಕ್ಕ, 32ನೇ ವಯಸ್ಸಿನಾಗ ಕೋಟ್ನಿಸ್ ತೀರಿಕೊಂಡ್ರು. ಇವತ್ತಿಗೂ ಅಲ್ಲಿ ಅವರ ಪ್ರತಿಮಾ ಅವ. 1946ರಾಗ ಶಾಂತಾರಾಮರು ಅವರ ಮ್ಯಾಲ ಪಿಚ್ಚರ್ ತಗದ್ರು. ಕೋಟ್ನಿಸ್ ಮೊದಲ ಸಲ "ನೀ ಹಾವ್" ಅಂದಾಗ ಅಲ್ಲಿ ಯಾರರ ಹೊಟ್ಟಿ ಹಿಡಕೊಂಡು ನಕ್ಕು, ಅವರು ಬಾಯಿ ಮುಚ್ಚಿಕೊಂಡಿದ್ರ?

ಐದನೇದು: "ಏನು ಉಪಯೋಗ" ಅಂದ್ರಿ.

ಹತ್ತು ಮಾತು ಕಲ್ತ್ರ ನಾಳಿನೇ ನೌಕರಿ ಬರ್ತದ ಅಂತ ನಾ ಸುಳ್ಳು ಹೇಳೂದಿಲ್ಲ. ಮುಂದ ಚಿತ್ರದಂಥ ಅಕ್ಷರ ಸಾವಿರಗಟ್ಲೆ ಅವ, ವರ್ಷಗಳ ಕೆಲಸ. ಆದ್ರ ಯಾರಿಗಿ ಬೇಕಾಗ್ತದ ಅಂತ ಕೇಳ್ರಿ. ನಮ್ಮ ರಾಜ್ಯದ ಮಕ್ಕಳು ಡಾಕ್ಟರಕಿ ಓದಲಾಕ ಚೀನಾಕ್ಕ ಹೋಗ್ತಾರ. ಕೊರೊನಾ ಬಂದಾಗ ಊಹಾನದಿಂದ ಸರಕಾರ ವಿಮಾನ ಕಳಿಸಿ 647 ಮಂದಿ ಭಾರತೀಯರಿಗಿ ಕರಕೊಂಡು ಬಂತಲ್ಲ, ಅದರಾಗ ಭಾಳ ಮಂದಿ ವಿದ್ಯಾರ್ಥಿಗಳೇ. ಆಮ್ಯಾಲ ಎರಡು ವರ್ಷಕ್ಕೂ ಹೆಚ್ಚು ಮನ್ಯಾಗ ಕುಂತು ಫೋನಿನಾಗ ಪಾಠ ಕೇಳಿದ್ರು. ಅಲ್ಲಿ ಪಾಠ ಇಂಗ್ಲಿಷಿನಾಗ ಇದ್ರೂ, ಹಾಸಿಗಿ ಮ್ಯಾಲ ಮಲಗಿದ ರೋಗಿ ಚೀನಿಯಾಗೇ ನರಳ್ತಾನ. ಅದಕ್ಕ ಚೀನಿ ಭಾಷಾದ ನಾಲ್ಕನೇ ಮಟ್ಟದ ಪರೀಕ್ಷಾ ಪಾಸಾಗದಿದ್ರ ಪದವಿ ಸಿಗೂದಿಲ್ಲ ಅಂತ 2022ರಾಗ ನಮ್ಮ ರಾಯಭಾರ ಕಚೇರಿನೇ ತಿಳಿವಳಿಕಿ ಕೊಟ್ಟದ. ಲಕ್ಷಗಟ್ಲೆ ಸಾಲ ಮಾಡಿ ಮಗನ್ನ ಕಳಿಸೋ ತಂದಿ-ತಾಯಿ "ಇಂಗ್ಲಿಷ್ ಮೀಡಿಯಂ ಅದ" ಅನ್ನೋ ಒಂದೇ ಮಾತು ನಂಬಿ ಕಳಿಸ್ತಾರ. ಹೋಗಕ್ಕಿಂತ ಮೊದಲ ಮನ್ಯಾಗ ಆರು ತಿಂಗಳು ನಾಲಿಗಿ ತಿರಗಿಸಿದ್ರ ಎಷ್ಟು ತಕಲೀಫ್ ಕಮ್ಮಿ ಆಗ್ತಿತ್ತು! ಗಂಡಸ ಮಗ ಡಾಕ್ಟರಕಿಗಿ ಕಲ್ತ್ರ ವಿದ್ಯಾ, ಹೆಣ್ಮಗಳು ಮನ್ಯಾಗ ಕುಂತು ಕಲ್ತ್ರ ಚಿಂಗ್ ಚಾಂಗ್. ಈ ತಕ್ಕಡಿ ನನಗ ಒಪ್ಪಿಗಿ ಇಲ್ಲ.

ಕೊನಿ ಮಾತು, ಇದು ಎಲ್ಲಾಕ್ಕಿಂತ ದೊಡ್ಡದು. ಕಣ್ಣು ಸಣ್ಣ ಮಾಡಿ ತೋರಿಸಿದ್ರಲ್ಲ, ಅದು ಆ ಹುಡುಗಿಗಷ್ಟೇ ಹತ್ತಿದ ಚೇಷ್ಟಾ ಅಲ್ಲ. ಥಂಡಿ ದಿನದಾಗ ಸ್ವೆಟರ್ ಮಾರ್ಲಾಕ ಬರ್ತಾರಲ್ಲ, ಅವರು ಟಿಬೇಟಿನೋರು. ಚೀನಾ ತಮ್ಮ ನಾಡು ಹಿಡದದ್ದಕ್ಕ ಮನಿಮಾರು ಬಿಟ್ಟು ಬಂದೋರು. 1960ರ ಆಜುಬಾಜು ನಮ್ಮ ರಾಜ್ಯ ಬೈಲಕುಪ್ಪಿಯಾಗ, ಆಮ್ಯಾಲ ಮುಂಡಗೋಡದಾಗ ಅವರಿಗಿ ಜಾಗಾ ಕೊಡ್ತು. ಅವರಿಗಿ ಹೋಗಿ "ಚೀನಿ" ಅಂದ್ರ ಗಾಯಕ್ಕ ಉಪ್ಪು ಹಚ್ಚಿದಂಗ. ಅವರಿಗಿ "ಟಾಶಿ ದೆಲೆ" ಅನ್ರಿ, ಮುಖ ಅರಳ್ತದ. ಮಣಿಪುರ, ನಾಗಾಲ್ಯಾಂಡದಿಂದ ಪಾರ್ಲರಿಗಿ, ಹೋಟೆಲಿಗಿ ದುಡೀಲಾಕ ಬಂದ ಹೆಣ್ಮಕ್ಕಳು ನಮ್ಮ ದೇಶದೋರೇ. 2012ರ ಆಗಸ್ಟಿನಾಗ ಸುಳ್ಳು ಸುದ್ದಿಗಿ ಅಂಜಿ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ರೈಲು ಹತ್ತಿದ್ರು, ನೆನಪದ ಇಲ್ಲೋ? ಭಾಷಾ ಬರೋಬ್ಬರಿ ಕಲ್ತೋರಿಗಿ ಯಾರ ಹತ್ರ ಯಾವ ಮಾತು ಆಡಬೇಕು, ಯಾರ ಹತ್ರ ಆಡಬಾರದು ಅನ್ನೋದು ತಿಳೀತದ. ಚಿಂಗ್ ಚಾಂಗ್ ಅನ್ನೋ ಬಾಯಿಗಿ ಚೀನಾನೂ ಗೊತ್ತಿಲ್ಲ, ಮಣಿಪುರಾನೂ ಗೊತ್ತಿಲ್ಲ.

ಈಗ ನಿಮ್ಮ ಕೆಲಸ ಹೇಳ್ತೀನಿ. ನಿಮ್ಮ ಮನ್ಯಾಗ ಯಾವ ಪೋರಿ ಯಾವ ಭಾಷಾ ಕಲೀತೀನಿ ಅಂದ್ರೂ ಮೊದಲನೇ ತಿಂಗಳು ನಗಬ್ಯಾಡ್ರಿ. "ತೋರ್ಸವ್ವಾ" ಅಂತ ನಾಲ್ಕು ಮಂದಿ ನಡುವ ನಿಂದರಸಬ್ಯಾಡ್ರಿ. ಅದರ ಬದಲಿ "ನನಗೂ ಎರಡು ಮಾತು ಹೇಳಿಕೊಡು" ಅನ್ರಿ. ಕಲಿಸಿದ್ರ ಕಲ್ತೋರ ವಿದ್ಯಾ ಗಟ್ಟಿ ಆಗ್ತದ, ಇದು ಸಾಲಿ ಮಾಸ್ತರಿಗೂ ಗೊತ್ತಿರೋ ಮಾತು. ಒಂದು ನೋಟ್‌ಬುಕ್ ತೊಗೋರಿ, ಕನ್ನಡದಾಗ ಬರೀರಿ: ನೀ ಹಾವ್, ಶ್ಯೆ ಶ್ಯ, ಪೂ ಖ-ಛಿ, ಛ್ರ್ ಲ ಮ, ಮಾನ್ ತ್ಸೋವ್, ತ್ಸಾಯ್ ಚ್ಯೆನ್. ಒಂದೊಂದರ ಮ್ಯಾಲ ರಾಗದ ಗೆರಿ ಎಳೀರಿ: ಸಮ ಇದ್ರ ಅಡ್ಡ ಗೆರಿ, ಏರಿದ್ರ ಏರೋ ಗೆರಿ, ಇಳಿದು ಏಳೋದಿದ್ರ ಬಟ್ಟಲದಂಥ ಗೆರಿ, ಕಡದಂಗಿದ್ರ ಬೀಳೋ ಗೆರಿ. ಹಗುರ ಬಿಡೋದಕ್ಕ ಗೆರಿ ಬ್ಯಾಡ. ಫೋನಿನಾಗ ಚೀನಿ ಮಂದಿ ದನಿ ಹಚ್ಚಿ, ಹತ್ತು ಸಲ ಕೇಳಿ ಒಂದು ಸಲ ಅನ್ರಿ. ಉಸಿರಿನ ಅಕ್ಷರ ಬಂತೋ ಇಲ್ಲೋ ನೋಡಲಾಕ ಬಾಯಿ ಮುಂದ ಒಂದು ತೆಳ್ಳಗಿನ ಕಾಗದ ಹಿಡೀರಿ. ಖ ಅಂದ್ರ ಅದು ಹಾರಬೇಕು, ಕ ಅಂದ್ರ ಹಾರಬಾರದು. ರೊಟ್ಟಿ ಬಡಿಯೋವಾಗ ಬಿ ಅನ್ನಬಹುದು, ಯಾರ ಅಪ್ಪಣಿನೂ ಬ್ಯಾಡ.

ಆವತ್ತು ಕುಬುಸದಾಗ ನಕ್ಕೋರು ಯಾರು ಅಂತ ನಾ ಹೆಸರು ಬರ್ದಿಲ್ಲ, ಬರಿಯೂದೂ ಇಲ್ಲ. ನಿಮಗ ಗೊತ್ತದ. ಈ ವಾರ ಒಂದು ಸಲ ಸೇಡಂಗ ಫೋನ್ ಹಚ್ರಿ, ಆ ಹುಡುಗಿಗಿ "ತ್ವೇಯ್ ಪು ಛೀ" ಅನ್ರಿ. ತಪ್ಪು ಉಚ್ಚಾರ ಆದ್ರೂ ನಡೀತದ, ಆಕಿ ತಿದ್ದಿ ಹೇಳ್ತಾಳ.